ಬಿಸಿ ರೊಟ್ಟಿಯ ಸರದಿ

ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಈ ನಾಲ್ಕು ಊರುಗಳಿಗೆ ಮೂರು ದೊರೆತನಗಳಿದ್ದವು. ಗದಗ-ಬೆಟಗೇರಿಯೂ ಮುಂಡರಗಿಯೂ ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಕಂದಾಯವನ್ನು ಎಲ್ಲೆಲ್ಲಿಯೋ ಕಟ್ಟುತ್ತಿದ್ದ ಜನ ಉಣ್ಣುತ್ತಿದ್ದುದು ಮಾತ್ರ ಒಂದೇ ಬಿಳಿಜೋಳದ ರೊಟ್ಟಿಯನ್ನು. 1956ರಲ್ಲಿ ಏಕೀಕರಣವಾಯಿತು, 1997ರಲ್ಲಿ ಗದಗ ಜಿಲ್ಲೆಯೂ ಆಯಿತು. ಆದರೆ ನಾಲ್ಕೂ ಊರುಗಳನ್ನು ಅದಕ್ಕೂ ಬಹಳ ಮೊದಲೇ ಒಂದುಗೂಡಿಸಿದ್ದ ಶ್ರೇಯಸ್ಸು ರೊಟ್ಟಿಗೇ ಸಲ್ಲಬೇಕೆಂದು ನನ್ನ ನಮ್ರ ಅಭಿಪ್ರಾಯ. ಅದನ್ನು ಪರಸ್ಥಳದವರಿಗೂ ಉಣಬಡಿಸಿದ ಸಂಸ್ಥೆಯೆಂದರೆ ಖಾನಾವಳಿ.

ಖಾನಾವಳಿಯೆಂಬ ಮಾತು ಮರಾಠಿಯ ದಾರಿಯಿಂದ ನಮ್ಮಲ್ಲಿಗೆ ಬಂದದ್ದು. ಬೆಂಗಳೂರಿನ ಗೆಳೆಯರಿಗೆ ಇದು 'ಹೋಟೆಲು'. ನಮಗೆ ಹಾಗಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುತ್ತೇವೆ, ಗಿರಮಿಟ್ಟು ತಿನ್ನುತ್ತೇವೆ, ಮಿರ್ಚಿ ಬಜಿಯನ್ನೂ ಬದನೆಕಾಯಿ ಬಜಿಯನ್ನೂ ಮುಂದಿಟ್ಟುಕೊಂಡು ಜಗತ್ತಿನ ರಾಜಕಾರಣವನ್ನೆಲ್ಲ ಇತ್ಯರ್ಥ ಮಾಡುತ್ತೇವೆ. ಊಟಕ್ಕೆ ಮಾತ್ರ ಖಾನಾವಳಿಗೇ ಹೋಗಬೇಕು. ಪ್ಯಾರಿಸಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ 'ರೆಸ್ಟೋರೆಂಟ್' ಎಂದರೆ ಬಳಲಿದವರಿಗೆ ಕಸುವು ತುಂಬುವ ಒಂದು ಬಗೆಯ ಸಾರು. ಆಮೇಲೆ ಆ ಸಾರು ಮಾರುವ ಅಂಗಡಿಗೇ ಆ ಹೆಸರು ನಿಂತಿತು. ನಮ್ಮ ಖಾನಾವಳಿಯೂ ಹುಟ್ಟಿದ್ದು ವಿಲಾಸಕ್ಕಾಗಿ ಅಲ್ಲ, ಬಳಲಿದವರಿಗಾಗಿಯೇ.

1884ರಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಹಾಯ್ದು ರೈಲು ಗದಗಕ್ಕೆ ಬಂದಿತು. ಗದಗ ಜಂಕ್ಷನ್ನಾಯಿತು, ಹತ್ತಿಯ ಪೇಟೆ ಬೆಳೆಯಿತು. ಬೆಟಗೇರಿಯಲ್ಲಿ ಮಗ್ಗಗಳ ಸದ್ದು ಇದ್ದೇ ಇತ್ತು. ಹತ್ತಿಯ ಚಕ್ಕಡಿ ಹೊಡೆದುಕೊಂಡು ಬಂದ ರೈತ, ದಲಾಲ, ಕೋರ್ಟಿನ ತಾರೀಖಿಗೆ ಬಂದ ಕಕ್ಷಿದಾರ, ಸಾಲೆ ಕಲಿಯಲು ಬಂದ ಹುಡುಗ, ಇವರಿಗೆಲ್ಲ ಊರಿನಲ್ಲಿ ಕೆಲಸವಿತ್ತು, ಒಲೆ ಇರಲಿಲ್ಲ. ಒಲೆ ಇಲ್ಲದವರ ಒಲೆಯೇ ಖಾನಾವಳಿ. ಅದೂ ಕೈಗೆಟುಕದ ಹುಡುಗರಿಗೆ ತಾಯಂದಿರು ಹಳ್ಳಿಯಿಂದ ಬುತ್ತಿ ಕಟ್ಟಿ ಬಸ್ಸಿನಲ್ಲಿಟ್ಟು ಕಳಿಸುತ್ತಿದ್ದರು. ಹುಡುಗರು ನಿಲ್ದಾಣದಲ್ಲಿ ಕಾದು ನಿಂತು ತಮ್ಮ ತಮ್ಮ ಗಂಟನ್ನು ಗುರುತಿಸಿ ಒಯ್ಯುತ್ತಿದ್ದರು. ಶಿರಹಟ್ಟಿ ತಾಲೂಕಿನ ಹಳ್ಳಿಯಿಂದ ಬಂದ ನಾನೂ ಹಾಗೆ ಬುತ್ತಿ ಉಂಡು ಎಂ.ಎ. ಪದವಿಯ ದಾರಿ ಹಿಡಿದವನೇ. ಬುತ್ತಿಯ ರೊಟ್ಟಿ ನನ್ನನ್ನು ತಲುಪುವ ಹೊತ್ತಿಗೆ ಆರಿರುತ್ತಿತ್ತು ಎಂಬುದನ್ನು ಇಲ್ಲಿ ಹೇಳಿಟ್ಟಿರುತ್ತೇನೆ. ಮುಂದೆ ಈ ಮಾತು ಬೇಕಾಗುತ್ತದೆ.

ಖಾನಾವಳಿಯ ಫಲಕಗಳನ್ನು ಓದುವುದೇ ಒಂದು ಸಾಮಾಜಿಕ ಇತಿಹಾಸವನ್ನು ಓದಿದಂತೆ. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ! ಇನ್ನೊಂದೆಡೆ ಘಟ್ಟದ ಕೆಳಗಿನಿಂದ ಬಂದು ಇಡ್ಲಿ-ದೋಸೆಯ ರುಚಿ ಹತ್ತಿಸಿದ ಉಡುಪಿಯವರ ಉಪಾಹಾರ ಗೃಹಗಳು. ಒಂದು ಕಾಲಕ್ಕೆ ಈ ಫಲಕಗಳು ಯಾರು ಒಳಗೆ ಬರಬಹುದು, ಯಾರು ಬರಕೂಡದು ಎಂಬುದನ್ನು ಸಾರುತ್ತಿದ್ದವು. ಹಸಿವಿಗೆ ಜಾತಿಯಿಲ್ಲವೆಂದು ಎಲ್ಲರೂ ಬಲ್ಲರು. ಆದರೆ ಪಂಕ್ತಿಗೆ ಇತ್ತು. 1950ರ ಸಂವಿಧಾನ ಉಪಾಹಾರ ಗೃಹದ ಬಾಗಿಲನ್ನು ಎಲ್ಲರಿಗೂ ತೆರೆಯಿತು; 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆ ಬಾಗಿಲಿಗೆ ಅಡ್ಡ ನಿಂತವನನ್ನು ಶಿಕ್ಷೆಗೆ ಗುರಿಮಾಡಿತು. ಹಾಗಿದ್ದೂ ಯಾವುದೋ ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟ ಸುದ್ದಿಯನ್ನು ಈಗಲೂ ಆಗಾಗ ಪತ್ರಿಕೆಯಲ್ಲಿ ಓದಿ ತಲೆ ತಗ್ಗಿಸಬೇಕಾಗುತ್ತದೆ. ಊರಿನ ಖಾನಾವಳಿಗಳಲ್ಲಿ ಮಾತ್ರ ಹಳೆಯ ಫಲಕದ ಅರ್ಥ ಬಹುಮಟ್ಟಿಗೆ ರುಚಿಗೆ ಇಳಿದಿದೆ. 'ಲಿಂಗಾಯತ' ಎಂದರೆ ಶಾಖಾಹಾರ, 'ಸಾವಜಿ' ಎಂದರೆ ಕಣ್ಣಲ್ಲಿ ನೀರು ತರಿಸುವ ಖಾರದ ಮಾಂಸಾಹಾರ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಈ ಅಡಿಗೆಯ ಮುಂದೆ ಕುಳಿತವರು ಪಕ್ಕದವನ ಕುಲ ವಿಚಾರಿಸುವುದಿಲ್ಲ. ನೀರಿನ ತಂಬಿಗೆ ಎಲ್ಲಿದೆಯೆಂದು ವಿಚಾರಿಸುತ್ತಾರೆ.

ಇನ್ನು ಶಾಖಾಹಾರದ ಪಂಕ್ತಿಗೆ ಬರೋಣ. ತಟ್ಟೆಯ ಒಂದು ಮಗ್ಗುಲಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಅವುಗಳ ನೆರೆಯಲ್ಲಿ ಕೆಂಪು ಖಾರ. ಎಣ್ಣೆಯಲ್ಲಿ ಮಿಂದೆದ್ದ ಬದನೆಯ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನ ಪಲ್ಯ, ಇಲ್ಲವೆ ಝುಣಕ. ಹಸಿ ಮೆಂತ್ಯ, ಸೌತೆ, ಉಳ್ಳಾಗಡ್ಡಿ, ಮೂಲಂಗಿ. ಮೇಲೆ ಕೆನೆ ಮೊಸರು. ಇವೆಲ್ಲ ಪರಿವಾರ ದೇವತೆಗಳು. ಮೂಲದೇವರು ಇನ್ನೂ ಒಳಗೆ ಹಂಚಿನ ಮೇಲಿದ್ದಾನೆ.

ರೊಟ್ಟಿಯ ವಿಚಾರವನ್ನು ತುಸು ವಿವರಿಸಬೇಕು. ಗೋದಿಯ ಹಿಟ್ಟಿಗೆ ಹುಟ್ಟಿನಿಂದಲೇ ಅಂಟುಗುಣವಿದೆ, ತಣ್ಣೀರಿನಲ್ಲಿಯೂ ಒಂದಾಗುತ್ತದೆ. ಜೋಳಕ್ಕೆ ಆ ಭಾಗ್ಯವಿಲ್ಲ. ಕುದಿಯುವ ನೀರು ಬಿದ್ದು ಹಿಟ್ಟಿನ ಪಿಷ್ಟ ಬೆಂದಾಗಲೇ ಅದು ಹಿಡಿತಕ್ಕೆ ಬರುವುದು. ಆ ಬಿಸಿ ಹಿಟ್ಟನ್ನು ಬರಿಗೈಯಿಂದ ನಾದಬೇಕು. ಆಮೇಲೆ ಬಡಿಯಬೇಕು, ಲಟ್ಟಣಿಗೆಯ ಸಹಾಯವಿಲ್ಲದೆ ಅಂಗೈಯ ತಾಳದಿಂದಲೇ ಅದು ಹುಣ್ಣಿಮೆಯ ಚಂದ್ರನಂತೆ ಹರಡಬೇಕು. ಹಂಚಿಗೆ ಹಾಕಿದ ಕೂಡಲೆ ಮೇಲ್ಮೈಗೆ ನೀರು ಸವರಿ, ತಿರುವಿ ಹಾಕಿ, ಬೆಂಕಿಗೆ ಹಿಡಿದರೆ ಒಳಗಿನ ನೀರು ಉಗಿಯಾಗಿ ರೊಟ್ಟಿ ಉಬ್ಬುತ್ತದೆ. ಆ ಉಬ್ಬು ಎಷ್ಟು ಹೊತ್ತಿನದು? ಹಂಚಿನಿಂದ ತಟ್ಟೆಗೆ ಬಂದು, ಮೊದಲ ತುತ್ತು ಮುರಿಯುವವರೆಗಿನದು. ಆರಿದರೆ ರೊಟ್ಟಿ ಬಿರುಸಾಗುತ್ತದೆ. ಪೂರಾ ಒಣಗಿಸಿದರೆ ಕಟಕ್ ರೊಟ್ಟಿಯಾಗಿ ತಿಂಗಳುಗಟ್ಟಲೆ ಬಾಳುತ್ತದೆ, ಅದರ ರುಚಿ ಬೇರೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೊಡ್ಡ ಪಟ್ಟಣಗಳವರೂ ಜೋಳದ ಗುಣಗಾನ ಮಾಡುತ್ತಿದ್ದಾರೆ. ಬಹಳ ಸಂತೋಷ. ಆದರೆ ಬಿಸಿ ರೊಟ್ಟಿಯನ್ನು ಪೊಟ್ಟಣ ಕಟ್ಟಿ ಕಳಿಸುವ ಯಂತ್ರವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಬಿಸಿ ರೊಟ್ಟಿ ಬೇಕೆಂದರೆ ಒಂದೇ ಉಪಾಯ: ಒಬ್ಬರು ಕುಳಿತು ಬಡಿಯುತ್ತಿರಬೇಕು, ಇನ್ನೊಬ್ಬರು ಕುಳಿತು ಉಣ್ಣುತ್ತಿರಬೇಕು.

ಇಲ್ಲಿಯೇ ತೊಡಕಿರುವುದು. ಬಡಿಯುವವರಿಗೆ ಬಿಸಿ ರೊಟ್ಟಿ ಸಿಕ್ಕುವುದೆಂದು?

ನಮ್ಮ ಪರಂಪರೆ ಪಾಕಶಾಸ್ತ್ರದ ಕೀರ್ತಿಯನ್ನು ಇಬ್ಬರಿಗೆ ಹಂಚಿದೆ: ನಳ ಮತ್ತು ಭೀಮ. ಇಬ್ಬರೂ ಗಂಡಸರು, ಇಬ್ಬರೂ ಆಪತ್ಕಾಲದಲ್ಲಿ ಕೆಲವು ದಿನ ಸೌಟು ಹಿಡಿದವರು. ಅಷ್ಟಕ್ಕೇ ನಳಪಾಕ, ಭೀಮಪಾಕ ಎಂಬ ಶಾಶ್ವತ ಬಿರುದು! ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತವನ್ನು ರಚಿಸಿದನೆಂಬುದು ನಮ್ಮೂರಿನ ಹೆಮ್ಮೆ. ಆ ಭಾರತದ ಕಥೆಯಲ್ಲಿಯೇ ಅಕ್ಷಯ ಪಾತ್ರೆಯ ಪ್ರಸಂಗವಿದೆ. ಸೂರ್ಯನಿತ್ತ ಆ ಪಾತ್ರೆ ವನವಾಸದಲ್ಲಿ ಎಷ್ಟು ಜನ ಬಂದರೂ ಉಣಿಸುತ್ತಿತ್ತು. ಆದರೆ ದ್ರೌಪದಿಯ ಊಟವಾದೊಡನೆ ಅಂದಿನ ಮಟ್ಟಿಗೆ ಅದು ಬರಿದು. ತರಗತಿಯಲ್ಲಿ ಈ ಕಥೆ ಹೇಳುವಾಗ ಹುಡುಗರು ದೂರ್ವಾಸನ ಕೋಪವನ್ನೂ ಕೃಷ್ಣ ಉಂಡ ಅಗುಳನ್ನೂ ನೆನಪಿಟ್ಟುಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ, ಅಂದರ ದೇವರಿಗೂ ಗೊತ್ತಿತ್ತೇನ್ರಿ, ಆಕಿ ಎಲ್ಲಾರಕಿಂತ ಕಡೀಗೇ ಉಣ್ಣಾಕಿ ಅಂತ?" ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಆ ಪಾತ್ರೆಯ ವರವೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಉಣಬಡಿಸುವವಳ ಸರದಿ ಕೊನೆಯದು. ಯುಗ ಕಳೆದರೂ ಅದನ್ನು ಯಾರೂ ತಿದ್ದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆಯ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಹೆಂಗಸೊಬ್ಬಳು ಸಂಬಳವಿಲ್ಲದ ಆ ಕೆಲಸದಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾಳೆ. ಮಾಡುವ ಗಂಡಸು 97 ನಿಮಿಷ. ಮಾಡದ ಗಂಡಸರ ಲೆಕ್ಕ ಬೇರೆ. ಖಾನಾವಳಿಯ ಮುಂಬಾಗಿಲಿಗೆ ಕಾಯಿದೆ ಬಂದಿತು. ಮನೆಯ ಅಡಿಗೆಮನೆಯ ಹೊಸ್ತಿಲನ್ನು ಯಾವ ಕಾಯಿದೆ ದಾಟೀತು?

ನನ್ನ ತಾಯಿ ಐವತ್ತು ವರ್ಷ ರೊಟ್ಟಿ ಬಡಿದವಳು. ಕಣ್ಣಿನ ತಪಾಸಣೆಗಾಗಿ ಒಮ್ಮೆ ಗದಗಕ್ಕೆ ಬಂದಾಗ ಮಧ್ಯಾಹ್ನವಾಯಿತು. ಖಾನಾವಳಿಗೆ ಹೋಗೋಣವೆಂದೆ. "ಅಲ್ಲಿ ಗಂಡಸರು ಉಣತಾರಪಾ, ನಾ ಒಲ್ಲೆ" ಎಂದಳು. ಬಹಳ ಹೇಳಿದ ಮೇಲೆ ಬಂದು, ಗೋಡೆಯ ಕಡೆಗೆ ಮುಖ ಮಾಡಿ ಕುಳಿತಳು. ರೊಟ್ಟಿ ಬಂದಿತು, ಉಬ್ಬಿಕೊಂಡೇ ಬಂದಿತು. ತಾಯಿ ಅದನ್ನು ಮುರಿಯಲಿಲ್ಲ. ಬೆರಳಿನಿಂದ ಮೆಲ್ಲನೆ ಒತ್ತಿ, ಉಗಿ ಹೊರಡುವುದನ್ನು ನೋಡುತ್ತ ಕುಳಿತಳು. "ಯಾಕವ್ವಾ, ಬೆಂದಿಲ್ಲೇನು?" ಎಂದೆ. "ಛಲೋ ಬೆಂದೈತಿ. ನನ್ನ ತಾಟಿಗೆ ಹಿಂಗ ಬಂದಿದ್ದಿಲ್ಲ ನೋಡು" ಎಂದಳು. ಅಂದು ಆಕೆ ಮೂರು ರೊಟ್ಟಿ ಉಂಡಳು. ಮನೆಯಲ್ಲಿ ಒಂದೂವರೆಯ ಮೇಲೆ ಉಂಡದ್ದನ್ನು ನಾನು ಕಂಡಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಯ ಮುಂದೆ ಕುಳಿತು, ಆರಿದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಉಣ್ಣುವವಳಿಗೆ ಹಸಿವೆಯೂ ಆರಿರುತ್ತದೆ ಎಂಬುದು ಅಂದು ತಿಳಿಯಿತು.

'ನಮ್ಮಲ್ಲಿ ಮನೆಯ ಊಟದ ರುಚಿ' ಎಂದು ಖಾನಾವಳಿಗಳವರು ಬರೆಸಿರುತ್ತಾರೆ. ಇದು ಗಂಡಸರನ್ನು ಕರೆಯುವ ಮಾತು. ಹೆಂಗಸರನ್ನು ಕರೆಯಬೇಕಾದರೆ 'ಮನೆಯಲ್ಲಿ ಸಿಕ್ಕದ ಊಟ' ಎಂದು ಬರೆಸಬೇಕು. ಅವರೂ ಈಗ ಬರತೊಡಗಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣ ತಪ್ಪಿದ ಮೇಲೆ, ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ತಾಯಿ-ಮಗಳು, ಅತ್ತೆ-ಸೊಸೆ ಜೋಡಿಯಾಗಿ ಬರುತ್ತಾರೆ. ದವಾಖಾನೆ, ಸೀರೆಯಂಗಡಿ, ಸಂತೆ ಮುಗಿಸುತ್ತಾರೆ. ಉಳಿದ ದುಡ್ಡಿನಲ್ಲಿ ಖಾನಾವಳಿಯಲ್ಲಿ ಕೂಡುತ್ತಾರೆ, ಗೋಡೆಯ ಕಡೆಗೆ ಮುಖ ಮಾಡದೆ. ಅತ್ತೆಯೂ ಸೊಸೆಯೂ ಎದುರುಬದುರು ಕುಳಿತು ಏಕಕಾಲಕ್ಕೆ ಬಿಸಿ ರೊಟ್ಟಿ ಮುರಿಯುವ ನೋಟವನ್ನು ನಮ್ಮ ಹಿರಿಯರು ಕನಸಿನಲ್ಲಿಯೂ ಕಂಡಿರಲಾರರು.

ಆದರೆ ವಾಚಕರೆ, ಒಬ್ಬರ ಬಿಸಿ ರೊಟ್ಟಿಯ ಹಿಂದೆ ಇನ್ನೊಬ್ಬರ ಒಲೆ ಇದ್ದೇ ಇದೆ. ಖಾನಾವಳಿಯ ಹಿಂಗೋಣೆಯಲ್ಲಿ ಹೊಗೆಗೂ ಝಳಕ್ಕೂ ಮುಖವೊಡ್ಡಿ ಮೂವರು ನಾಲ್ವರು ಹೆಂಗಸರು ಸಾಲಾಗಿ ಕುಳಿತು ಬಡಿಯುತ್ತಿರುತ್ತಾರೆ. ಆ ತಾಳ ನಮಗೆ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಮನೆಯಾಕೆಯ ಪಾಲಿನ ತಣ್ಣನೆಯ ರೊಟ್ಟಿಯನ್ನು ನಾಲ್ಕು ದುಡ್ಡು ಕೊಟ್ಟು ಇವರ ತಾಟಿಗೆ ದಾಟಿಸಿದರೆ ಏನು ಸಾಧಿಸಿದಂತಾಯಿತು?

ಇದಕ್ಕೆ ಉತ್ತರ ನನಗೆ ದೊರೆತದ್ದು ಮುಂಡರಗಿಯಲ್ಲಿ. ಅನ್ನದಾನೀಶ್ವರನ ಹೆಸರಿನ ಮಠವಿರುವ ಊರಿನಲ್ಲಿ ಅನ್ನದ ಪ್ರಶ್ನೆಗೆ ಉತ್ತರ ಸಿಕ್ಕುವುದು ಸಹಜವೇ. ಪರೀಕ್ಷೆಯ ಕೆಲಸಕ್ಕೆಂದು ಅಲ್ಲಿಗೆ ಹೋದವನು ಹನ್ನೊಂದೂವರೆಗೇ ಒಂದು ಸಣ್ಣ ಖಾನಾವಳಿಯ ಬಾಗಿಲಲ್ಲಿ ನಿಂತೆ. ಒಳಗೆ ಮುಪ್ಪಿನತ್ತ ವಾಲಿದ ಯಜಮಾನಿತಿಯೂ ಇಬ್ಬರು ಹೆಂಗಸರೂ ಉಣ್ಣುತ್ತಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ಎದ್ದು ಉಳಿದಿಬ್ಬರಿಗೆ ಬಿಸಿ ರೊಟ್ಟಿ ಹಾಕುತ್ತಿದ್ದರು. "ಬರ್ರಿ ಸರ, ಕೂಡ್ರಿ. ಒಂದಿಷ್ಟು ತಡೀಬೇಕ್ರಿ, ನಮ್ಮದಾದ ಮ್ಯಾಲ ನಿಮ್ಮದು" ಎಂದಳು ಯಜಮಾನಿತಿ. ನಾನು ಅಚ್ಚರಿಯಿಂದ, "ದಿನಾ ಹಿಂಗೇನವ್ವಾ?" ಎಂದು ಕೇಳಿದೆ. "ದಿನಾ ಹಿಂಗರೀ. ಹಸಿದ ಕೈಲೆ ಬಡಿದ ರೊಟ್ಟಿ ಉಬ್ಬೂದಿಲ್ರಿ" ಎಂದು ಆಕೆ ಮತ್ತೊಂದು ತುತ್ತು ಮುರಿದಳು. ನಾನು ಇಪ್ಪತ್ತು ನಿಮಿಷ ಕಾದೆ. ಆಮೇಲೆ ನನ್ನ ತಟ್ಟೆಗೆ ಬಂದ ರೊಟ್ಟಿ ಉಬ್ಬಿತ್ತು.

ಊರಿಗೆ ಬಂದು ಮನೆಯಲ್ಲಿ ಈ ಸಂಗತಿಯನ್ನು ರಸವತ್ತಾಗಿ ವರ್ಣಿಸಿದೆ. ದ್ರೌಪದಿಯ ಪಾತ್ರೆಯನ್ನೂ ಮುಂಡರಗಿಯ ಯಜಮಾನಿತಿಯನ್ನೂ ಹೋಲಿಸಿ ಒಂದು ಲೇಖನವನ್ನೇ ಬರೆಯಬಹುದೆಂದೂ ಹೇಳಿದೆ. ಶ್ರೀಮತಿ ಸಮಾಧಾನದಿಂದ ಎಲ್ಲವನ್ನೂ ಕೇಳಿ, "ಬರೀರಿ, ಛಲೋ ಆಗತೈತಿ. ಅದಕೂ ಮೊದಲ ಹಂಚಿನ ಮುಂದ ಕೂಡ್ರಿ, ಹಿಟ್ಟು ನಾದಿಟ್ಟೀನಿ" ಎಂದಳು. ಆ ರವಿವಾರ ನಾನು ಬಡಿದ ರೊಟ್ಟಿಯ ಆಕಾರ ಯಾವ ದೇಶದ ಭೂಪಟವನ್ನು ಹೋಲುತ್ತಿತ್ತೆಂದು ಮಕ್ಕಳಲ್ಲಿ ಇನ್ನೂ ವಾದ ನಡೆದಿದೆ. ಆದರೆ ಅದು ಬಿಸಿಯಾಗಿತ್ತು, ಮೊದಲು ಆಕೆಯ ತಾಟಿಗೇ ಬಿದ್ದಿತು. ಎರಡನೆಯದನ್ನು ತಾಯಿಗೆ ಹಾಕಿದೆ. ಆಕೆ ಅದನ್ನು ಬೆರಳಿನಿಂದ ಒತ್ತಿ ನೋಡಿ, "ಇನ್ನೊಂದೀಟು ನಾದಬೇಕಿತ್ತಪಾ" ಎಂದಳು.