ತಟ್ಟೆಯ ಋಣ

ಡಿಸೆಂಬರ್ 12 ದಾಟಿತೆಂದರೆ ನಾನು ರಾಗಿ ಬಿತ್ತುತ್ತೇನೆ. ಗದ್ದೆಯಲ್ಲಲ್ಲ, ಊಟದ ತಟ್ಟೆಯಲ್ಲಿ. ಮಂಗಳೂರು ಕಡೆ ಕ್ರಿಸ್ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವವರಿಗೆ ಗೊತ್ತಿರುವ ಬೇಸಾಯ ಇದು. ತಟ್ಟೆಗೆ ಒಂದು ಬೆರಳು ದಪ್ಪ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರೆ 24ರ ಹೊತ್ತಿಗೆ ಬೆರಳುದ್ದದ ಹಸಿರು ಎದ್ದು ನಿಂತಿರುತ್ತದೆ. ಅದನ್ನು ಗೋದಲಿಯ ಮುಂದೆ ಇಟ್ಟರೆ ಬೆತ್ಲೆಹೇಮಿಗೆ ಹುಲ್ಲುಗಾವಲು ಬಂದ ಹಾಗೆ. ನಮ್ಮ ಮನೆಯ ಮೂರು ಮಣ್ಣಿನ ಕುರಿಗಳೂ ಒಂದು ಕಿವಿ ಮುರಿದ ಕತ್ತೆಯೂ ಮೂವತ್ತೆರಡು ವರ್ಷಗಳಿಂದ ಅಲ್ಲೇ ಮೇಯುತ್ತಿವೆ, ಒಂದಿಷ್ಟೂ ದಪ್ಪವಾಗಿಲ್ಲ.

ಕಳೆದ ವರ್ಷ ಬಿತ್ತನೆಗೆ ಅಟ್ಟದ ಮೇಲಿಂದ ಒಂದು ಸ್ಟೀಲ್ ತಟ್ಟೆ ಇಳಿಸಿಕೊಂಡೆ. ಅಗಲ ಚೆನ್ನಾಗಿತ್ತು, ಅಂಚೂ ಎತ್ತರ. ಮೂರನೆಯ ದಿನ ಮೊಳಕೆ ಬಿಳಿಯಾಗಿ ಇಣುಕುತ್ತಿರುವಾಗ ನನ್ನ ಹೆಂಡತಿ ಅದನ್ನು ಕಂಡಳು.

"ಇದು ಯಾವ ತಟ್ಟೆ ತೆಗೆದದ್ದು ನೀವು?"

"ಮೇಲೆ ಇತ್ತಲ್ಲ, ಸುಮ್ಮನೆ ಬಿದ್ದಿತ್ತು."

"ಬಿದ್ದದ್ದಲ್ಲ ಮಾರಾಯ್ರೆ, ಇಟ್ಟದ್ದು. ಅಂಚಿನ ಅಡಿಯಲ್ಲಿ ನೋಡಿ."

ಮಣ್ಣು ಒರೆಸಿ ನೋಡಿದೆ. ಪಾತ್ರೆ ಅಂಗಡಿಯವ ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟ ಅಕ್ಷರಗಳು. ನನ್ನ ತಮ್ಮನ ಹೆಸರು, ಅವನ ಮದುವೆಯ ತಾರೀಕು.

ತಮ್ಮನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗುಡ್ಡ, ಒಂದು ತೋಡು, ಮತ್ತು ಏಳು ವರ್ಷಗಳ ಮೌನ. ಕಾರಣ ದೊಡ್ಡದೇನಲ್ಲ. ಅಪ್ಪನ ಕಾಲದ ಬಾವಿ ಮತ್ತು ಅದರ ಬದಿಯ ಹನ್ನೊಂದು ತೆಂಗಿನಮರ ಯಾರ ಪಾಲಿಗೆ ಎಂಬ ಪ್ರಶ್ನೆ. ಅವನ ಮನೆಯಿಂದ ಆ ತಟ್ಟೆ ಕುಸ್ವಾರ್ ತುಂಬಿಕೊಂಡು ಬಂದದ್ದು ಒಂದು ಡಿಸೆಂಬರಿನಲ್ಲಿ. ಜಗಳವಾದದ್ದು ಮರು ಜನವರಿಯಲ್ಲಿ. ತಟ್ಟೆ ಈಚೆಗೇ ಉಳಿಯಿತು.

"ಯಾರ ಕೈಯಲ್ಲಾದರೂ ವಾಪಸ್ ಕಳಿಸಬಹುದಿತ್ತಲ್ಲ ಮಾರಾಯ್ತಿ?" ಎಂದೆ.

"ಕಳಿಸಿದರೆ ಲೆಕ್ಕ ಚುಕ್ತಾ ಆಗ್ತದೆ. ಆಮೇಲೆ ಅವರಿಗೂ ನಮಗೂ ಎಂತ ಉಳೀತದೆ?" ಎಂದು ಹೇಳಿ ಅವಳು ರೋಸ್ ಕುಕ್ಕಿಯ ಅಚ್ಚನ್ನು ಎಣ್ಣೆಗೆ ಅದ್ದಲು ಹೋದಳು. ನಾನು ಮೊಳಕೆಯ ಮುಂದೆ ಕೂತುಬಿಟ್ಟೆ.

ಕುಸ್ವಾರ್ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಳಬೇಕು. ಅದು ಒಂದು ತಿಂಡಿಯಲ್ಲ, ತಿಂಡಿಗಳ ಸಂಸಾರ. ಕಾಯಿ ಎಳ್ಳು ದ್ರಾಕ್ಷಿ ಸಕ್ಕರೆ ತುಂಬಿದ ನೆವ್ರಿ, ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಿ ಕರಿದ ಕಿಡಿಯೊ, ತೆಂಗಿನ ಹಾಲಿನ ಗುಳಿಯೊ, ರೋಸ್ ಕುಕ್ಕಿ, ಚಕ್ಕುಲಿ, ತುಕ್ಡಿ, ಕೇಕು. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು. ನೋಡಲು ಹಾಗೆಯೇ ಇರುತ್ತವೆ, ಆದರೂ ಮೊದಲು ಖಾಲಿಯಾಗುವುದು ಅವೇ. ಗುಳಿಯೊ ಕೊನೆಯ ತನಕ ಉಳಿಯುತ್ತದೆ. ಅದರ ಗಟ್ಟಿತನದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನನ್ನ ಕೆಳಗಿನ ದವಡೆಯ ಎಡಬದಿ ಹೇಳುತ್ತದೆ. ಇವನ್ನೆಲ್ಲ ಮನೆಯಲ್ಲಿ ತಿನ್ನಲೆಂದೇ ಯಾರೂ ಮಾಡುವುದಿಲ್ಲ. ಅರ್ಧಕ್ಕರ್ಧ ಹಂಚಲಿಕ್ಕೆ. ಬೇಲಿಯಾಚೆ, ಓಣಿಯಾಚೆ, ಈಗೀಗ ಸಮುದ್ರದಾಚೆ ಕೂಡ. ಟೊರಾಂಟೊದ ಮಗನಿಗೆ ಮೂರು ಕಿಲೋ ಕುಸ್ವಾರ್ ಕೊರಿಯರ್ ಮಾಡಿದ ಖರ್ಚಿನಲ್ಲಿ ಇಲ್ಲಿ ಒಂದು ವಾರ ಹಬ್ಬ ಮಾಡಬಹುದು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ಪಾರ್ಸೆಲ್ ಕಟ್ಟುವವನೂ ನಾನೇ.

ಹಂಚುವುದಕ್ಕೆ ಒಂದು ಕಾನೂನಿದೆ. ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಮುರಿದವರನ್ನು ನಾನು ನೋಡಿಲ್ಲ. ತುಂಬಿ ಬಂದ ತಟ್ಟೆ ಬರಿದಾಗಿ ಹೋಗಬಾರದು. ನಮ್ಮ ಬಲಬದಿಯ ಮನೆಯವರು ಧಾರವಾಡದ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ನೆಲೆ ನಿಂತವರು. ದೀಪಾವಳಿಗೆ ಅವರ ಮನೆಯಿಂದ ಒಂದು ತಟ್ಟೆ ಬರುತ್ತದೆ. "ಅಕ್ಕಾರ, ತಾಟು ಆಮ್ಯಾಲ ಕೊಡ್ರಿ, ಗಡಿಬಿಡಿ ಏನಿಲ್ಲ" ಎಂದು ಆ ತಾಯಿ ಗೇಟಿನಲ್ಲೇ ಹೇಳಿ ಹೋಗುತ್ತಾರೆ. ಅದರಲ್ಲಿ ಕರ್ಚಿಕಾಯಿ ಇರುತ್ತದೆ. ನಿಜವಾಗಿಯೂ ಗಡಿಬಿಡಿ ಇರುವುದಿಲ್ಲ, ತಟ್ಟೆ ಎರಡು ತಿಂಗಳು ನಮ್ಮಲ್ಲೇ ಇದ್ದು ಕ್ರಿಸ್ಮಸ್ಸಿಗೆ ನೆವ್ರಿ ಹೊತ್ತುಕೊಂಡು ಹೋಗುತ್ತದೆ. ಕರ್ಚಿಕಾಯಿಗೂ ನೆವ್ರಿಗೂ ವ್ಯತ್ಯಾಸವೇನು ಎಂದರೆ ಅವರು ಒಣಕೊಬ್ಬರಿ ಹಾಕುತ್ತಾರೆ, ನಾವು ಹಸಿ ಕಾಯಿ ಹುರಿದು ಹಾಕುತ್ತೇವೆ. ಅದೇ ಅರ್ಧಚಂದ್ರ, ಅದೇ ಹಲ್ಲು ಹಲ್ಲಿನ ಅಂಚು. ಎಡಬದಿಯ ಬ್ಯಾರಿಗಳ ಮನೆಯಿಂದ ರಂಜಾನ್ ಹಬ್ಬಕ್ಕೆ ಬರುವ ಟಿಫಿನ್ ಕ್ಯಾರಿಯರ್ ಕೂಡ ಇದೇ ಕಾನೂನಿನ ಅಡಿ ಓಡಾಡುತ್ತದೆ. ಅದರ ಮೇಲಿನ ಡಬ್ಬಿಗೆ ಕೇಕು ಬಿಟ್ಟು ಬೇರೇನೂ ಸರಿಹೊಂದುವುದಿಲ್ಲ, ಅದಕ್ಕೂ ರಮ್ ಹಾಕದ ಕೇಕು ಬೇರೆಯೇ ಆಗಬೇಕು. ನನ್ನ ಹೆಂಡತಿ ಅದನ್ನು ಬೇರೆ ಪಾತ್ರೆಯಲ್ಲಿ ಕಲಸಿ ಎಲ್ಲಕ್ಕಿಂತ ಮೊದಲು ಬೇಯಿಸುತ್ತಾಳೆ.

ಇಷ್ಟು ವರ್ಷ ಇದನ್ನೆಲ್ಲ ನಾನು ಮರ್ಯಾದೆ ಎಂದುಕೊಂಡಿದ್ದೆ. ಅವಳ ಮಾತು ಕೇಳಿದ ಮೇಲೆ ಹೊಳೆಯಿತು, ಇದು ಒಂಥರಾ ಸಾಲದ ವ್ಯವಹಾರ. ಮಾಮೂಲಿ ಸಾಲದಲ್ಲಿ ತೀರಿಸುವುದು ಗುಣ. ಇಲ್ಲಿ ತೀರದ ಹಾಗೆ ನೋಡಿಕೊಳ್ಳುವುದೇ ಗುಣ. ಒಬ್ಬರ ತಟ್ಟೆ ನಮ್ಮ ಅಟ್ಟದ ಮೇಲಿರುವಾಗ ಅವರ ಕೋಳಿ ನಮ್ಮ ಬಸಳೆ ಚಪ್ಪರ ಕೆದಕಿದರೂ ದನಿ ಏರುವುದಿಲ್ಲ. ಏರಿದರೂ ಇಳಿಯಲು ಒಂದು ಮೆಟ್ಟಿಲು ಇರುತ್ತದೆ.

ದೇವರ ವಿಷಯದಲ್ಲಿ ನಾವಿಬ್ಬರೂ ಬೇರೆ ಬೇರೆ ಜಾತಿಯ ಭಕ್ತರು. ಅವಳು ಸಂಜೆ ಏಳಕ್ಕೆ ತೇರ್ಸ್ ತಪ್ಪಿಸಿದವಳಲ್ಲ. ಮನೆಯಲ್ಲಿ ಯಾರಿಲ್ಲದಿದ್ದರೂ ಒಬ್ಬಳೇ ಎರಡೂ ಭಾಗ ಹೇಳಿ ಜಪಸರ ಮುಗಿಸುತ್ತಾಳೆ. ನಾನು ಜಪಸರದ ಐದು ರಹಸ್ಯಗಳಲ್ಲಿ ಮೂರಕ್ಕೆ ಬಂದು ಸೇರುವವನು, ಅದರಲ್ಲಿ ಒಂದರ ಹೊತ್ತಿಗೆ ತೂಕಡಿಕೆ. ನನ್ನ ಭಕ್ತಿಯೇನಿದ್ದರೂ ಕೈಯಲ್ಲಿದೆ. ಬಿದಿರಿನ ಸೀಳು ಬಾಗಿಸಿ ನಕ್ಷತ್ರ ಕಟ್ಟುವಾಗ, ಒಣಹುಲ್ಲು ಹೊದಿಸುವಾಗ ನನಗೆ ನಂಬಿಕೆ ಬರುತ್ತದೆ. ಈ ರೋಗಕ್ಕೆ ದೊಡ್ಡವರೊಬ್ಬರ ಸಾಕ್ಷಿಯೂ ಇದೆ ಎಂದು ಅವಳಿಗೆ ಹೇಳುತ್ತಿರುತ್ತೇನೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಮೇವಿನ ತೊಟ್ಟಿಗೆ ಹುಲ್ಲು ತುಂಬಿಸಿ, ಪಕ್ಕದಲ್ಲಿ ನಿಜವಾದ ಎತ್ತು ಕತ್ತೆಗಳನ್ನು ನಿಲ್ಲಿಸಿ ಪೂಜೆ ಮಾಡಿಸಿದರು. ಜಗತ್ತಿನ ಗೋದಲಿಗಳ ಕತೆ ಸಾಮಾನ್ಯವಾಗಿ ಅಲ್ಲಿಂದ ಶುರುವಾಗುತ್ತದೆ. ಹುಲ್ಲು ಮುಟ್ಟಿ, ದನದ ಉಸಿರು ಕೇಳಿ ನಂಬಬೇಕೆಂದು ಅವರಿಗೂ ಅನಿಸಿರಬೇಕು.

"ಅವರು ಎತ್ತು ತಂದದ್ದು ಸರಿ, ಬೇರೆಯವರ ತಟ್ಟೆ ತಂದಿದ್ದರಾ?" ಎಂದು ಅವಳು ಕೇಳಿದಳು.

ಉತ್ತರ ಇರಲಿಲ್ಲ. ನಾನು ಮಾತು ಬದಲಾಯಿಸಿ 1914ರ ಯುದ್ಧದ ಕತೆ ತೆಗೆದೆ. ಆ ಡಿಸೆಂಬರಿನಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ಕ್ರಿಸ್ಮಸ್ಸಿಗಾದರೂ ಬಂದೂಕು ನಿಲ್ಲಿಸಿ ಎಂದು ಕೇಳಿಕೊಂಡರು, ಸರಕಾರಗಳು ಒಪ್ಪಲಿಲ್ಲ. ಒಪ್ಪಿದವರು ಕಂದಕದ ಕೆಸರಿನಲ್ಲಿ ಕೂತಿದ್ದ ಸಿಪಾಯಿಗಳು. ಪಶ್ಚಿಮ ರಣರಂಗದ ಹಲವು ಕಡೆ ಜರ್ಮನರು ಕಂದಕದ ಅಂಚಿನಲ್ಲಿ ಪುಟ್ಟ ಗಿಡಗಳಿಟ್ಟು ಮೇಣದಬತ್ತಿ ಹಚ್ಚಿದರು, ಹಾಡಿದರು. ಆಚೆ ಬದಿಯ ಬ್ರಿಟಿಷರೂ ಹಾಡಿದರು. ಬೆಳಿಗ್ಗೆ ನಡುವಿನ ಬಯಲಿಗೆ ಇಳಿದು ತಮ್ಮ ತಮ್ಮ ಸತ್ತವರನ್ನು ಹೂಳಿದರು. ತಂಬಾಕು, ಡಬ್ಬಿಯ ತಿಂಡಿ, ಕೋಟಿನ ಗುಂಡಿ ಅದಲು ಬದಲು ಮಾಡಿಕೊಂಡರು. ಮುಂದಿನ ವರ್ಷ ಹೀಗಾಗದಂತೆ ಮೇಲಿನಿಂದ ಕಟ್ಟುನಿಟ್ಟಿನ ಆಜ್ಞೆ ಬಂತು.

ಅವಳು ಕೇಕಿನ ಹಿಟ್ಟು ತಿರುವುತ್ತ ಕೇಳುತ್ತಿದ್ದವಳು, "ಸೇನಾಪತಿಗಳು ಬುದ್ಧಿವಂತರು" ಎಂದಳು. "ಒಬ್ಬನ ತಂಬಾಕು ಕಿಸೆಯಲ್ಲಿ ಇಟ್ಟುಕೊಂಡು ಅವನಿಗೇ ಗುಂಡು ಹೊಡೆಯುವುದು ಹೇಗೆ?"

ನಾನು ಹೇಳಹೊರಟ ಕತೆಯ ಅರ್ಥ ನನಗಿಂತ ಮೊದಲು ಅವಳಿಗೆ ಆಗಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇದು ಹೊಸದಲ್ಲ.

ಹಿಂದೆಲ್ಲ ನಡುರಾತ್ರಿಯ ಪೂಜೆ ನಿಜವಾಗಿಯೂ ನಡುರಾತ್ರಿ ಇರುತ್ತಿತ್ತು. ಈಗ ನಮ್ಮ ಚರ್ಚಿನಲ್ಲಿ 24ರ ಸಂಜೆ ಏಳೂವರೆಗೇ. ಅದರಿಂದ ಒಂದು ಉಪಕಾರವಾಗಿದೆ. ಟೊರಾಂಟೊದಲ್ಲಿ ಆಗ ಬೆಳಿಗ್ಗೆ ಒಂಬತ್ತು, ಹೊರಡುವ ಮುಂಚೆ ಮೊಮ್ಮಗಳ ಮುಖ ಫೋನಿನಲ್ಲಿ ನೋಡಬಹುದು. ಆ ದಿನ ಅವಳು ಪಾರ್ಸೆಲ್ಲಿನ ಒಂದು ಕಿಡಿಯೊ ಕಿಟಕಿಯಾಚೆಯ ಹಿಮಕ್ಕೆ ಹಿಡಿದು, "ಅಜ್ಜಾ, ನಿಮ್ಮ ಹುಳಕ್ಕೆ ಚಳಿ" ಎಂದಳು. ಆಮೇಲೆ ಮಗ, ದನಿ ತಗ್ಗಿಸಿ, "ಚಿಕ್ಕಪ್ಪ ಹೇಗಿದ್ದಾರೆ?" ಎಂದ. ಏಳು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು. ಇದ್ದಾನೆ ಎಂದೆ. ಅದಕ್ಕಿಂತ ಹೆಚ್ಚು ನನಗೂ ತಿಳಿದಿರಲಿಲ್ಲ.

ಪೂಜೆಯಲ್ಲಿ ಪರಸ್ಪರ ಶಾಂತಿ ಕೋರುವ ಒಂದು ಘಳಿಗೆ ಬರುತ್ತದೆ. ನಮ್ಮಲ್ಲಿ ಕೈ ಮುಗಿದು ತಲೆ ಬಾಗಿಸುತ್ತಾರೆ. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಹಿಂದಕ್ಕೊಮ್ಮೆ. ತಮ್ಮ ಕೂರುವುದು ನನಗಿಂತ ಮೂರು ಸಾಲು ಮುಂದೆ. ಅಷ್ಟು ದೂರ ಶಾಂತಿ ಕಳಿಸುವ ಕ್ರಮ ಇಲ್ಲವೆಂದು ಏಳು ಕ್ರಿಸ್ಮಸ್ ನಾನು ನೆಮ್ಮದಿಯಾಗಿ ಕಳೆದಿದ್ದೆ. ಅವನ ಬೆನ್ನು ನನಗೆ ಚೆನ್ನಾಗಿ ಪರಿಚಯವಾಗಿತ್ತು. ಆ ರಾತ್ರಿ ಗಮನಿಸಿದೆ, ಎಡ ಭುಜ ಅಪ್ಪನದರ ಹಾಗೆಯೇ ಇಳಿದಿದೆ.

ಮನೆಗೆ ಬಂದ ಮೇಲೆ ಅವಳು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯ ನೆನಪಿಸಿದಳು. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗಬೇಕೆಂದು ಅಲ್ಲಿ ಯೇಸು ಹೇಳುತ್ತಾರೆ. "ನಿಮಗೆ ರಾಜಿಯೆಲ್ಲ ಆಗಲಿಕ್ಕಿಲ್ಲ, ಕಾಣಿಕೆ ಮಾತ್ರ ತಲುಪಿಸಿ ಬನ್ನಿ" ಎಂದಳು. ರಾಗಿಯ ಹುಲ್ಲುಗಾವಲನ್ನು ಬೇರುಸಹಿತ ಎತ್ತಿ ಒಂದು ಬಾಳೆಲೆಗೆ ವರ್ಗಾಯಿಸಿದೆವು. ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದು ಅವಳೋ ನಾನೋ ಎಂಬ ಬಗ್ಗೆ ನಮ್ಮಲ್ಲಿ ಈಗಲೂ ಒಮ್ಮತವಿಲ್ಲ.

26ರ ಬೆಳಿಗ್ಗೆ ತೋಡು ದಾಟಿ ಹೋದೆ. ಗದ್ದೆಯ ಹುಣಿಯಲ್ಲಿ ಎದುರಾದ ಒಬ್ಬರು ತುಳುವಿನಲ್ಲಿ "ಪೊರ್ಬುಲೇ, ಓಡೆಗ್?" ಎಂದು ಕೇಳಿದರು. ಎಲ್ಲಿಗೆ ಎಂದು ಹೇಳಲು ನಾಲಿಗೆ ಬರಲಿಲ್ಲ, ತಟ್ಟೆ ತೋರಿಸಿದೆ. ಅವರು ನಕ್ಕು ದಾರಿ ಬಿಟ್ಟರು. ಕುಸ್ವಾರಿನ ತಟ್ಟೆ ಹಿಡಿದವನಿಗೆ ಡಿಸೆಂಬರಿನಲ್ಲಿ ಹೆಚ್ಚಿನ ಪ್ರಶ್ನೆ ಇರುವುದಿಲ್ಲ.

ತಮ್ಮ ಜಗಲಿಯಲ್ಲಿದ್ದ. ಎದ್ದು ನಿಂತ. ಅಡಿಕೆಗೆ ರೇಟು ಹೇಗೆ ಎಂದು ನಾನು ಕೇಳಿದೆ. ಪರವಾಗಿಲ್ಲ ಎಂದ. ಈ ಸಲ ಚಳಿ ಕಡಿಮೆ ಎಂದ. ಹೌದು ಎಂದೆ. ಬಾವಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು, "ಭಾವ, ಕೂತ್ಕೊಳ್ಳಿ" ಎಂದು ತಟ್ಟೆ ಇಸಿದುಕೊಂಡಳು. ಅಂಚಿನ ಅಡಿಯ ಅಕ್ಷರಗಳ ಮೇಲೆ ಅವಳ ಹೆಬ್ಬೆರಳು ಒಂದು ಕ್ಷಣ ನಿಂತದ್ದನ್ನು ಕಂಡೆ. ಏನೂ ಹೇಳದೆ ಒಳಗೆ ಹೋದಳು. ಚಹಾ ಬಂತು. ಕುಡಿದೆ.

ಬಾವಿ ಈಗಲೂ ಇತ್ಯರ್ಥವಾಗಿಲ್ಲ. ತೆಂಗಿನಮರಗಳಲ್ಲಿ ಒಂದು ಈ ಮಳೆಗಾಲದಲ್ಲಿ ಸಿಡಿಲು ಬಡಿದು ಹೋಯಿತು, ಹತ್ತು ಉಳಿದಿವೆ. ಆ ದಿನ ನಾನು ಹೊರಟಾಗ ತಮ್ಮನ ಹೆಂಡತಿ ಕಾಯಿ ಬರ್ಫಿಯನ್ನೂ ಗುಳಿಯೊವನ್ನೂ ತುಂಬಿಸಿ ನನ್ನ ಕೈಗೆ ಕೊಟ್ಟಳು, ಅದೇ ತಟ್ಟೆಯಲ್ಲಿ. ಈ ವರ್ಷ ರಾಗಿಯನ್ನು ನಾನು ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿತ್ತಿದ್ದೇನೆ. ತಮ್ಮನ ತಟ್ಟೆ ಮತ್ತೆ ನಮ್ಮ ಅಟ್ಟದ ಮೇಲಿದೆ.