ಗುರುವಾರದ ಊಟ

ವಾರಾನ್ನವೆಂಬ ಮಾತು ಇಂದಿನ ಮಕ್ಕಳಿಗೆ ಹೊಸದೆನಿಸಬಹುದು. ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದ ಪದ್ಧತಿಯದು. ನಮ್ಮ ತಂದೆಯವರು 1944ರ ಸುಮಾರಿನಲ್ಲಿ ಮೈಸೂರಿನಲ್ಲಿ ಹೀಗೆಯೇ ಓದಿದವರು. ಅವರಿಗೆ ಆರು ಮನೆಗಳು ಒದಗಿದವು. ಗುರುವಾರಕ್ಕೆ ಮಾತ್ರ ಮನೆ ದೊರೆಯಲಿಲ್ಲ. ಅಂದು ವಾಚನಾಲಯದ ಬಾಗಿಲು ಮುಚ್ಚುವವರೆಗೂ ಓದುತ್ತ ಕುಳಿತಿರುತ್ತಿದ್ದರಂತೆ. “ನನ್ನ ಪಾಂಡಿತ್ಯವೆಲ್ಲ ಗುರುವಾರದ್ದು” ಎಂದು ನಗುತ್ತಿದ್ದರು. ತಾಯಿಯವರು ನಗುತ್ತಿರಲಿಲ್ಲ.

1976ರಲ್ಲಿ ನಾನು ಕಾಲೇಜು ಸೇರಿದಾಗ ಉಚಿತ ವಿದ್ಯಾರ್ಥಿನಿಲಯವೊಂದರಲ್ಲಿ ಸ್ಥಳ ದೊರೆಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ ಕೇಳದೆ ಅನ್ನವಿಕ್ಕುತ್ತಿದ್ದಂತೆ ನಮ್ಮಲ್ಲಿಯೂ ಪಂಕ್ತಿಭೇದವಿರಲಿಲ್ಲ. ನಿತ್ಯವೂ ಮುದ್ದೆ, ತಿಳಿಸಾರು; ರುಚಿಯ ಮಾತು ಬೇಡ. ಆದರೆ ಯಾರ ಬಾಗಿಲಲ್ಲಿಯೂ ಕಾದು ನಿಲ್ಲಬೇಕಾಗಿರಲಿಲ್ಲ. ಒಮ್ಮೆ ನನ್ನನ್ನು ನೋಡಲು ಬಂದ ತಂದೆಯವರು ಊಟದ ಮನೆಯ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತರು. ಕಡೆಗೆ, “ಗುರುವಾರವೂ ಹಾಕುತ್ತಾರೇನಪ್ಪ?” ಎಂದರು.