ಕಿಟಕಿ ಸೀಟು

ಪುಣೆಯಲ್ಲಿ ಸ್ಕೂಟರ್ ಓಡಿಸಲು ಬಾರದ ಹೆಂಗಸೆಂದರೆ ಜನ ಮರುಕದಿಂದ ನೋಡುತ್ತಾರೆ. ಕಾಲೇಜು ಹುಡುಗಿಯರಿಂದ ಹಿಡಿದು ನಿವೃತ್ತಿಗೆ ಬಂದ ಟೀಚರಮ್ಮಂದಿರವರೆಗೆ ಎಲ್ಲರೂ ಮುಖಕ್ಕೆ ದುಪಟ್ಟಾ ಸುತ್ತಿ ಬುರ್ರೆಂದು ಹೋಗುವ ಊರಿದು. 2003ರಲ್ಲಿ ನಾವು ಧಾರವಾಡ ಬಿಟ್ಟು ಕಾತ್ರಜಕ್ಕೆ ಬಂದಾಗ ನಮ್ಮ ಮನೆಯವರೂ ಕಂತಿನ ಮೇಲೆ ಒಂದು ಕೊಡಿಸಲು ಹೊರಟಿದ್ದರು. "ದಿನಾ ಒಂದು ತಾಸು ಉಳೀತದ ನೋಡು" ಅಂದರು. ಲೆಕ್ಕ ಸರಿಯೇ. ಆದರೆ ಎರಡೂ ಕೈ ಹ್ಯಾಂಡಲ್ ಮೇಲಿದ್ದರೆ ಬರೆಯುವುದು ಯಾವ ಕೈಯಿಂದ?

ಕಾತ್ರಜವನ್ನು ಜನ ಹಾಲಿನ ಡೇರಿಯಿಂದ ಗುರುತಿಸುತ್ತಾರೆ, ಹಾವಿನ ಉದ್ಯಾನದಿಂದ ಗುರುತಿಸುತ್ತಾರೆ. ಇಲ್ಲಿಯ ಕೆರೆಯಿಂದ ಪೇಶ್ವೆಯವರು ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯ ಕಡೆಗೆ ನೀರು ಒಯ್ದಿದ್ದರಂತೆ. ಇರಲಿ. ನನ್ನ ಮಟ್ಟಿಗೆ ಕಾತ್ರಜದ ದೊಡ್ಡಸ್ತಿಕೆಯೆಂದರೆ ಸಿಟಿ ಬಸ್ಸು ಇಲ್ಲಿಂದಲೇ ಹೊರಡುತ್ತದೆ ಎಂಬುದು. ಕಿಟಕಿ ಸೀಟು ಖಾತ್ರಿ. ಬಾಲಾಜಿನಗರ, ಪದ್ಮಾವತಿಯಲ್ಲಿ ಹತ್ತುವವರು ಪಾಪ, ಜೋತಾಡಿಕೊಂಡೇ ಬರಬೇಕು. ಅವರೊಳಗೆ ಎಷ್ಟು ಕತೆಗಾರ್ತಿಯರಿದ್ದರೋ! ಶಿವಾಜಿನಗರದ ಆಫೀಸು ಮುಟ್ಟುವವರೆಗೆ ತೊಡೆಯ ಮೇಲೆ ಡಬ್ಬಿ ಚೀಲ, ಅದರ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು. 2006ರಲ್ಲಿ ಬಸ್ಸಿಗೆಂದೇ ಬೇರೆ ದಾರಿ ಮಾಡುತ್ತೇವೆಂದು ಸ್ವಾರಗೇಟ್ ರಸ್ತೆಯನ್ನು ಅಗೆದರು. ಊರೆಲ್ಲ ಶಾಪ ಹಾಕಿತು. ನನಗೆ ಮಾತ್ರ ದಿನಕ್ಕೆ ಎರಡು ಪುಟ ಹೆಚ್ಚಾಯಿತು.

"ಕಾಯ್ ತಾಯಿ, ಪರೀಕ್ಷಾ ಆಹೇ ಕಾ?" ಅಂತ ಒಬ್ಬ ಕಂಡಕ್ಟರ್ ಕೇಳಿದ್ದ. ಹೌದೆಂದೆ. ವರ್ಷ ಕಳೆದರೂ ಬರೆಯುತ್ತಲೇ ಇದ್ದುದನ್ನು ಕಂಡು, ಇವಳು ಪಾಸಾಗುವವಳಲ್ಲ ಎಂದುಕೊಂಡನೋ ಏನೋ, ಕೇಳುವುದನ್ನೇ ಬಿಟ್ಟ.

ಮನೆಯಲ್ಲಿ ಬರೆಯುವ ಮಾತೇ ಇಲ್ಲ. ಐದಕ್ಕೆ ನೀರು ಹಿಡಿಯುವುದು, ನಾಲ್ಕು ಡಬ್ಬಿ, ಅತ್ತೆಯವರ ಇನ್ಸುಲಿನ್, ಸಂಜೆ ಮಗನ ಮರಾಠಿ ಹೋಮ್‌ವರ್ಕು. ಕತೆ ಅಚ್ಚಾದ ಪತ್ರಿಕೆಯನ್ನು ಆಫೀಸಿಗೆ ಒಯ್ದರೆ ಗೆಳತಿಯರು ಜಿಲೇಬಿ ಅಕ್ಷರ ಎಂದು ಮೆಚ್ಚಿ ಮರಳಿಸುತ್ತಿದ್ದರು. ಒಮ್ಮೆ ಸೊಸೈಟಿಯ ಫಾರ್ಮಿನಲ್ಲಿ 'ವ್ಯವಸಾಯ' ಎಂಬ ಕಲಮು ಬಂತು. ಮರಾಠಿಯಲ್ಲಿ ಹಾಗೆಂದರೆ ಉದ್ಯೋಗ. "ನಮ್ಮದೆಲ್ಲಿ ಹೊಲ ಅದ?" ಎಂದು ಅತ್ತೆ ನಕ್ಕರು. ಲೇಖಕಿ ಎಂದು ತುಂಬಲು ಪೆನ್ನು ಏಳಲಿಲ್ಲ. ನೌಕರಿ ಎಂದು ಬರೆದೆ.

ಅಂಥ ಹೊತ್ತಿನಲ್ಲಿ ಚಿತ್ತಾಲರನ್ನು ನೆನೆಯುತ್ತಿದ್ದೆ. ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ, ಕೆಮಿಕಲ್ ಕಂಪನಿಯ ದೊಡ್ಡ ಹುದ್ದೆ ನಿಭಾಯಿಸುತ್ತಲೇ 1979ರಲ್ಲಿ 'ಶಿಕಾರಿ' ಕೊಟ್ಟವರು. ಆದರೂ ಅವರಿಗೆ ಬೆಳಗಿನ ಚಪಾತಿ ಲಟ್ಟಿಸುವ ಪಾಳಿ ಇದ್ದಿರಲಾರದು! ಪಕ್ಕದ ಮನೆಯ ಆಜಿ ಬಹಿಣಾಬಾಯಿ ಚೌಧರಿಯ ಕತೆ ಹೇಳಿದರು. ಜಳಗಾಂವ ಕಡೆಯ ರೈತ ಹೆಣ್ಣುಮಗಳು, ಓದು ಬರಹ ಇಲ್ಲ. ಬೀಸುತ್ತ, ಕಳೆ ಕೀಳುತ್ತ ಹಾಡು ಕಟ್ಟಿದಳು, ಮಗ ಬರೆದಿಟ್ಟ. ಆಕೆ ಸತ್ತದ್ದು 1951ರಲ್ಲಿ, ಪುಸ್ತಕ ಬಂದದ್ದು 1952ರಲ್ಲಿ. ಈ ಕತೆಯನ್ನು ಸಮಾಧಾನಕ್ಕೆಂದು ಹೇಳುತ್ತಾರೆ. ನನಗೆ ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

2009ರ ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆರು ತಿಂಗಳು ರಜೆ ಹಾಕಿದೆ. ದಿನವಿಡೀ ಮನೆಯಲ್ಲೇ ಇದ್ದೇನೆ, ಅವರು ಮಲಗಿದಾಗ ಸಮಯವೂ ಉಂಟು, ನೋಟ್‌ಬುಕ್ಕು ಮಾತ್ರ ತೆರೆಯಲಾಗದು. ತೆರೆದರೆ ಕಿವಿಯೆಲ್ಲ ಒಳಕೋಣೆಯಲ್ಲಿ. ಕಾದಂಬರಿಯ ಏಳನೆಯ ಅಧ್ಯಾಯ ಅಲ್ಲೇ ನಿಂತಿತು. ಇದು ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳಿಕೊಳ್ಳುವಂಥ ಕಷ್ಟವೂ ಅದಲ್ಲವಲ್ಲ.

ಅತ್ತೆ ನನ್ನ ಒಂದು ಸಾಲನ್ನೂ ಓದಿದವರಲ್ಲ. "ಇಲ್ಲೆ ಯಾರ ಓದತಾರವ್ವಾ ಇದನ್ನ?" ಅನ್ನುತ್ತಿದ್ದವರು. ಒಂದು ಮಧ್ಯಾಹ್ನ ಕೆಲಸದ ಬಾಯಿ ಪಾತ್ರೆ ತಿಕ್ಕುತ್ತಿದ್ದಾಗ ನನ್ನನ್ನು ಕರೆದರು. "ಆಕಿನ್ನ ಇನ್ನೆರಡು ತಾಸು ಇರು ಅಂದೀನಿ. ನೀ ಒಂದು ಸುತ್ತು ಬಸ್ಸಿನಾಗ ಹೋಗಿ ಬಾ."

"ಎಲ್ಲಿಗೆ ಅತ್ತಿ?"

"ಎಲ್ಲಿಗ್ಯಾಕ? ಸ್ವಾರಗೇಟಿಗೆ ಹೋಗು, ಹೊಳ್ಳಿ ಬಾ. ಆ ಬುಕ್ಕು ತಗೊಂಡು ಹೋಗು." ಸ್ವಲ್ಪ ತಡೆದು, ಬಾಯಿಗೆ ಕೇಳಲೆಂದು ದನಿ ಏರಿಸಿದರು: "ಬರೋವಾಗ ಕೊತ್ತಂಬರಿ ತಗೊಂಡು ಬಾ!"

ಹೋಗುವಾಗ ಮುಕ್ಕಾಲು ಪುಟ ಆಯಿತು. ಸ್ವಾರಗೇಟಿನಲ್ಲಿ ಇಳಿದು, ಖಾಲಿ ಬಸ್ಸು ಬರುವವರೆಗೆ ಎರಡು ಬಸ್ಸು ಬಿಟ್ಟು, ಕಿಟಕಿ ಪಕ್ಕ ಕೂತೆ. ಕೊತ್ತಂಬರಿ ಆ ದಿನ ತುಟ್ಟಿಯಿತ್ತು. ಆದರೂ ತಂದೆ.